ಸನ್ಮಾನ ಪತ್ರದೊಳಗಿನ ಬಡತನ

ನಮ್ಮ ಕಡೆ ಒಬ್ಬನಿಗೆ ಸನ್ಮಾನ ಮಾಡುವುದಕ್ಕೆ ಒಂದು ಕ್ರಮ ಇದೆ. ಮೊದಲು ಕುರ್ಚಿ. ಅದು ಶಾಮಿಯಾನದ ಅಂಗಡಿಯಿಂದಲೇ ಬರಬೇಕು, ಕೆಂಪು ಮಖಮಲ್ಲಿನದ್ದು, ಎರಡೂ ಕೈಗಳ ತುದಿಗೆ ಸಿಂಹದ ತಲೆ ಇರುವಂಥದ್ದು. ಅದರಲ್ಲಿ ಕೂರಿಸಿ ತಲೆಗೆ ಪೇಟ ಇಡುತ್ತಾರೆ, ಹೆಗಲಿಗೆ ಶಾಲು ಹೊದೆಸುತ್ತಾರೆ, ಕೊರಳಿಗೆ ಹಾರ ಹಾಕುತ್ತಾರೆ. ಆಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿದ ಹಣ್ಣಿನ ಬುಟ್ಟಿಯನ್ನು ತಂದು ತೊಡೆಯ ಮೇಲಿಡುತ್ತಾರೆ. ಬುಟ್ಟಿ ಬಂದು ಕೂತ ಮೇಲೆ ಮನುಷ್ಯ ಏಳುವ ಹಾಗಿಲ್ಲ. ಆಗ ಸನ್ಮಾನ ಪತ್ರ ಓದುತ್ತಾರೆ.

ನಾನೂ ಒಂದು ಸಲ ಹಾಗೆ ಕೂತಿದ್ದೇನೆ. ಬೈಂದೂರಿನಲ್ಲಿ, ಒಂದು ಭಾನುವಾರ ಸಂಜೆ. ಕುಂದಾಪುರದಲ್ಲಿ ಕಿರುಚಿತ್ರಗಳ ಸ್ಪರ್ಧೆ ನಡೆದು, ನಮ್ಮ ಚಿತ್ರಕ್ಕೆ ಮೂರು ಬಹುಮಾನ ಬಂದಿತ್ತು. ಮೂರೂ ಜನರನ್ನು ಕರೆಸಿ ಊರವರು ಮಾಡಿದ ಅಭಿನಂದನೆ ಅದು. ಒಬ್ಬ ನಿರ್ದೇಶಕ, ಬ್ರಹ್ಮಾವರದ ಹುಡುಗ. ಇನ್ನೊಬ್ಬ ಕ್ಯಾಮೆರಾದವನು, ಶಿರೂರಿನವನು, ಮದುವೆ ಮುಂಜಿಗೆ ಫೋಟೋ ತೆಗೆಯುವ ಸ್ಟುಡಿಯೋ ಇಟ್ಟವನು. ಮೂರನೆಯವನು ನಾನು. ನನಗೆ ಬಂದದ್ದು ಉತ್ತಮ ನಟ ಎಂಬ ಬಹುಮಾನ. ನಾನು ನಟನಲ್ಲ. ಮೀನಿನ ಟೆಂಪೋ ಓಡಿಸುವವನು.

ಮೊದಲು ಆ ಟೆಂಪೋ ವಿಷಯ ಹೇಳಬೇಕು. ಅದನ್ನು ನಾನು ತೊಂಬತ್ತೇಳರಲ್ಲಿ ತೆಗೆದುಕೊಂಡೆ. ಅದಕ್ಕೆ ಮೊದಲು ಬೇರೆಯವರ ಲಾರಿಯಲ್ಲಿ ಕ್ಲೀನರ್ ಆಗಿದ್ದೆ, ಆಮೇಲೆ ಡ್ರೈವರ್. ಸ್ವಂತ ಗಾಡಿ ಬಂದ ಮೇಲೆ ಬಂದರಿನಲ್ಲಿ ಹರಾಜು ಮುಗಿಯುತ್ತಿದ್ದ ಹಾಗೆ ಮೀನು ತುಂಬಿ, ಮೇಲೆ ಐಸ್ ಹಾಕಿ ಹೊರಟರೆ ಶಿರೂರಿನಿಂದ ಬ್ರಹ್ಮಾವರದ ತನಕ ಯಾವ ಮಾರ್ಕೆಟ್ಟಿಗೆ ಎಷ್ಟು ಹೊತ್ತಿಗೆ ಮುಟ್ಟುತ್ತೇನೆ ಎಂದು ಜನ ಕಾಯುತ್ತಿದ್ದರು. ತಡವಾಯಿತು ಎಂದು ನನ್ನಿಂದ ಮಾತು ಕೇಳಿಸಿಕೊಂಡ ವ್ಯಾಪಾರಿ ಇದ್ದಾನು, ನನಗೆ ಮಾತು ಹೇಳಿದವನು ಇಲ್ಲ. ಆ ಗಾಡಿಯ ಸ್ಟೇರಿಂಗನ್ನು ನಾನು ಬೇರೆ ಯಾರ ಕೈಗೂ ಕೊಟ್ಟವನಲ್ಲ. ನನಗೆ ಜ್ವರ ಬಂದ ದಿನ ಗಾಡಿಯೂ ಮನೆಯ ಎದುರು ನಿಂತಿರುತ್ತಿತ್ತು.

ಅದೇ ಕಾರಣಕ್ಕೆ ನಾನು ನಟನಾದದ್ದು. ಬ್ರಹ್ಮಾವರದ ಆ ಹುಡುಗ ಒಂದು ದಿನ ಮಾರ್ಕೆಟ್ಟಿನ ಹತ್ತಿರ ಬಂದು ನಿಂತ.

"ಅಣ್ಣಾ, ಒಂದ್ ಫಿಲ್ಮ್ ಮಾಡ್ತಾ ಇತ್ತ್. ನಿಮ್ಮ್ ಗಾಡಿ ಎರಡ್ ದಿನಕ್ಕೆ ಕೊಡ್ತ್ರ್ಯಾ? ಡ್ರೈವರನ ಪಾರ್ಟ್ ಮಾಡುಕೆ ನಮ್ಮ್ ಹೈದ ಒಬ್ಬ ಇದ್ದ."

"ಗಾಡಿ ಬೇಕಾರೆ ನಾನೂ ಬತ್ತೆ. ನನ್ನ್ ಬಿಟ್ಟ್ ಮತ್ಯಾರೂ ಅದನ್ನ ಮುಟ್ಟುಕಿಲ್ಲ."

"ಹಾಂಗಾರೆ ಪಾರ್ಟೂ ನೀವೇ ಮಾಡಿ ಮಾರಾಯ್ರೆ."

"ನಾನಾ? ಎಂತ ಮಾಡುಕೆ?"

"ಎಂತದೂ ಇಲ್ಲ. ಗಾಡಿ ಬಿಡುದ್, ಅಷ್ಟೇ."

ಅದು ದಿನವೂ ಮಾಡುವ ಕೆಲಸವಾದ್ದರಿಂದ ಒಪ್ಪಿಕೊಂಡೆ.

ಕತೆ ಇಷ್ಟೇ. ಮದುಮಗಳ ಕಾರು ಬಿಜೂರಿನ ಹತ್ತಿರ ಕೆಟ್ಟು ನಿಲ್ಲುತ್ತದೆ. ಮುಹೂರ್ತ ಮೀರುತ್ತಾ ಇದೆ. ಹಿಂದಿನಿಂದ ಬಂದ ಮೀನಿನ ಟೆಂಪೋದಲ್ಲಿ ಮದುಮಗಳು ಎದುರಿನ ಸೀಟಿಗೆ ಹತ್ತುತ್ತಾಳೆ, ಅವಳ ಸೋದರಮಾವ ಹಿಂದೆ ಮೀನಿನ ಪೆಟ್ಟಿಗೆಗಳ ಮೇಲೆ ಕೂತುಕೊಳ್ಳುತ್ತಾನೆ. ಮದುವೆ ಮನೆಯವರಿಗೆ ವಾಸನೆ ಬಂದು ಏನೇನಾಗುತ್ತದೆ ಎಂಬುದು ಉಳಿದದ್ದು. ಡ್ರೈವರನಿಗೆ ಮಾತೇ ಇಲ್ಲ ಎನ್ನಬೇಕು. ಆದರೆ ಒಂದೇ ತಿರುವಿನಲ್ಲಿ ಗಾಡಿಯನ್ನು ಹಿಂದೆ ತೆಗಿ, ಮುಂದೆ ತಾ ಎಂದು ಅವರು ಅರ್ಧ ಬೆಳಗು ಕಳೆದರು. ಹಿಂದೆ ಇದ್ದದ್ದು ನಿಜವಾದ ಬಂಗುಡೆ, ಬ್ರಹ್ಮಾವರಕ್ಕೆ ಮುಟ್ಟಬೇಕಾದದ್ದು. ಐಸ್ ಕರಗಿದ ನೀರು ರಸ್ತೆಗೆ ಇಳಿಯುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ಕೊನೆಗೆ ನಾನು ಮದುಮಗಳ ವೇಷದ ಹುಡುಗಿಯ ಕಡೆ ತಿರುಗಿ, "ಇನ್ನೊಂದ್ ಸರ್ತಿ ಅಂದ್ರೆ ನಿನ್ನ ಇಲ್ಲೇ ಇಳ್ಸಿ ಹೋತೆ ಕಾಣ್" ಎಂದೆ. ಕ್ಯಾಮೆರಾ ನಡೆಯುತ್ತಾ ಇತ್ತು. ನಿರ್ದೇಶಕ ಅದನ್ನೇ ಇಟ್ಟುಕೊಂಡ. ಕುಂದಾಪುರದ ತೀರ್ಪುಗಾರರು ಅದನ್ನು ಸಹಜ ಅಭಿನಯ ಎಂದರು.

ಅಮ್ಮನನ್ನು ಕುಂದಾಪುರಕ್ಕೆ ಕರೆದುಕೊಂಡು ಹೋಗಿದ್ದೆ. ಪರದೆಯ ಮೇಲೆ ನನ್ನ ಮುಖ ದೊಡ್ಡದಾಗಿ ಬಂದಾಗ ಅವರು ಪಕ್ಕದಿಂದ, "ಮನ್ಯಂಗೂ ಹೀಂಗೇ ಮೋರೆ ಮಾಡ್ಕಂಡ್ ಇಪ್ಪುದಲ್ದಾ ನೀನ್? ಇದ್ಕೂ ಬಹುಮಾನ ಕೊಡ್ತ್ರಾ?" ಎಂದರು.

ಅಮ್ಮನ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅವರು ಮೀನು ಮಾರುತ್ತಿದ್ದವರು. ಬೆಳಗ್ಗಿನ ಮೊದಲ ಬಸ್ಸಿನ ಮೇಲೆ ಬುಟ್ಟಿ ಹಾಕಿಸಿ ವಂಡ್ಸೆ ಕಡೆಗೆ ಹೋಗಿ, ಅಲ್ಲಿ ಬುಟ್ಟಿ ತಲೆಗೇರಿಸಿ ಮನೆ ಮನೆ ತಿರುಗಿ, ಬುಟ್ಟಿ ಖಾಲಿ ಮಾಡಿ ಬರುತ್ತಿದ್ದರು. ಅಪ್ಪ ರತ್ನಾಗಿರಿ ಕಡೆ ಬೋಟಿನಲ್ಲಿದ್ದರು, ಮಳೆಗಾಲದಲ್ಲಿ ಮಾತ್ರ ಮನೆಯಲ್ಲಿ ಇರುತ್ತಿದ್ದರು. ಇಬ್ಬರ ದುಡಿಮೆ. ನಮ್ಮ ಮನೆಯಲ್ಲಿ ಗಂಜಿಗೆ ಕೊರತೆ ಇರಲಿಲ್ಲ, ಗಂಜಿಯ ಜೊತೆ ಮೀನಿಗೂ ಇರಲಿಲ್ಲ. ನನ್ನ ತಂಗಿಯರಿಬ್ಬರೂ ಕಾಲೇಜಿನ ಮೆಟ್ಟಿಲು ಹತ್ತಿದವರು. ನಾನು ಏಳನೇ ಕ್ಲಾಸಿನ ನಡುವೆ ಶಾಲೆ ಬಿಟ್ಟೆ. ಯಾರೂ ಬಿಡಿಸಿದ್ದಲ್ಲ. ನನಗೆ ಲಾರಿ ಬೇಕಿತ್ತು, ಶಾಲೆ ಬೇಡವಾಗಿತ್ತು. ಅಮ್ಮ ಹೊಡೆದರು, ಎಳೆದುಕೊಂಡು ಹೋಗಿ ಶಾಲೆಯ ಬಾಗಿಲಲ್ಲಿ ಬಿಟ್ಟರು, ಹೆಡ್ ಮಾಷ್ಟ್ರ ಎದುರು ನಿಂತು ಅತ್ತರು. ನಾನು ಲಾರಿಗೇ ಹೋದೆ. ಅದರಿಂದ ನನಗೆ ನಷ್ಟ ಆಯಿತು ಎಂದು ಅಂದೂ ಅನ್ನಿಸಲಿಲ್ಲ, ಇಂದೂ ಅನ್ನಿಸಿಲ್ಲ.

ನಷ್ಟ ಆದದ್ದು ಅಮ್ಮನಿಗೆ. ಇದ್ದೊಬ್ಬ ಗಂಡು ಹುಡುಗನ ಶಾಲೆ ಬಿಡಿಸಿ ದುಡಿಯಲು ಹಾಕಿದಳು ಎಂದು ಕೇರಿಯಲ್ಲಿ ಮಾತು ಹುಟ್ಟಿತು. ಗಂಡನ ದುಡ್ಡು, ಮೀನಿನ ದುಡ್ಡು ಸಾಲದೆ ಮಗನ ದುಡ್ಡಿಗೂ ಆಸೆಪಟ್ಟಳು ಎಂದು. ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿ ಒಬ್ಬಳು ಅದನ್ನು ಅವರ ಎದುರೇ ಹೇಳಿದಳಂತೆ. ಅಮ್ಮ ಎಲೆ ಬಿಟ್ಟು ಎದ್ದು ಬಂದರು. ಮುಂದೆ ವರ್ಷಗಟ್ಟಲೆ, ಎಲ್ಲಿ ನಾಲ್ಕು ಹೆಂಗಸರು ಸೇರಿದರೂ, ಯಾರೂ ಕೇಳದಿದ್ದರೂ, "ನಾನ್ ಬಿಡ್ಸಿದ್ದಲ್ಲ ಅಕಾ" ಎಂದು ಶುರು ಮಾಡುತ್ತಿದ್ದರು. ಹೀಗೆ ಹೇಳಿದಷ್ಟೂ ಜನ ನಂಬುವುದು ಕಡಿಮೆಯಾಯಿತು. ನಾನು ಸ್ವಂತ ಗಾಡಿ ತೆಗೆದುಕೊಂಡ ಮೇಲೆ ಮಾತು ನಿಂತಿತು, ಮರೆತುಹೋಗಲಿಲ್ಲ.

ಇನ್ನು ಸನ್ಮಾನ ಪತ್ರ. ನಮ್ಮ ಸುತ್ತಿನಲ್ಲಿ ಯಾರಿಗೆ ಸನ್ಮಾನವಾದರೂ ಪತ್ರ ಬರೆಯುತ್ತಿದ್ದವರು ಒಬ್ಬರೇ, ರಿಟೈರ್ ಆದ ಒಬ್ಬ ಮಾಷ್ಟ್ರು. ಒಳ್ಳೆಯ ಮನುಷ್ಯ, ಒಳ್ಳೆಯ ಕನ್ನಡ. ಅವರ ಪತ್ರದಲ್ಲಿ ಎಲ್ಲರೂ ಬಡತನದಲ್ಲಿಯೇ ಹುಟ್ಟುತ್ತಿದ್ದರು. ಅದು ಅವರು ಕೊಡುತ್ತಿದ್ದ ಮರ್ಯಾದೆ. ಕೆಳಗಿನಿಂದ ಹತ್ತಿ ಬಂದವನು ಎಂದು ಹೇಳದೆ ಹೋದರೆ ಸನ್ಮಾನಕ್ಕೆ ತೂಕ ಬರುವುದಿಲ್ಲ ಎಂದು ನಮ್ಮವರ ತಿಳುವಳಿಕೆ. ಶಾಲು ಹೊದ್ದವನಿಗೆ ಬಡತನವೂ ಪೇಟದ ಹಾಗೆ ಒಂದು ಅಲಂಕಾರ.

ಆ ಭಾನುವಾರಕ್ಕೆ ನಾಲ್ಕೈದು ದಿನ ಮೊದಲು ಮಾಷ್ಟ್ರು ಮನೆಗೆ ಬಂದರು. ಅಮ್ಮ ತಂಗಿಯ ಮನೆಗೆ ಹೋಗಿದ್ದರು. ನಾನು ಗಾಡಿಯ ಅಡಿಯಲ್ಲಿ ಮಲಗಿ ಗ್ರೀಸ್ ಹಾಕುತ್ತಿದ್ದೆ.

"ನಿಮ್ಮ್ ಬಗ್ಗೆ ನಾಲ್ಕ್ ಮಾತ್ ಹೇಳಿ ಮಾರಾಯ್ರೆ, ಪತ್ರ ಬರೂಕಿತ್ತ್."

"ಎಂತ ಹೇಳುದ್ ಮಾಷ್ಟ್ರೆ? ಮೀನ್ ಗಾಡಿ ಬಿಡ್ತೆ. ಅಷ್ಟೇ."

"ಓದದ್ದ್?"

"ಏಳ್ನೇ ಕ್ಲಾಸ್. ಅದೂ ಪೂರ್ತಿ ಇಲ್ಲ."

"ಅಮ್ಮ?"

"ಮೀನ್ ಮಾರ್ತಿದ್ರ್."

ಅಷ್ಟು ಸಾಕು ಎಂದು ಅವರು ಹೋದರು. ನನ್ನ ಬಗ್ಗೆ ನಾನೇ ಬಾಯಿ ಬಿಟ್ಟು ಹೊಗಳಿಕೊಳ್ಳುವ ಅಭ್ಯಾಸ ನನಗಿಲ್ಲ. ನಾನು ಹೇಳದೆ ಬಿಟ್ಟ ಜಾಗವನ್ನು ಅವರು ತಮ್ಮ ಯಾವತ್ತಿನ ಸಾಮಾನಿನಿಂದ ತುಂಬಿಸುತ್ತಾರೆ ಎಂದು ಆಗ ಹೊಳೆಯಲಿಲ್ಲ.

ಭಾನುವಾರ ಸಂಜೆ ಸಭಾಭವನ ತುಂಬಿತ್ತು. ಅಮ್ಮ ಮುಂದಿನ ಸಾಲಿನಲ್ಲಿ, ಅವರ ಪಕ್ಕ ನಮ್ಮ ನೆರೆಮನೆಯ ಹೆಂಗಸು. ಹಿಂದಿನ ಸಾಲುಗಳಲ್ಲಿ ನಮ್ಮ ಕೇರಿಯವರು. ವಂಡ್ಸೆ ಕಡೆಯಿಂದಲೂ ಕೆಲವರು ಬಂದಿದ್ದರು, ಅಮ್ಮನ ಹತ್ತಿರ ಮೀನು ತೆಗೆದುಕೊಳ್ಳುತ್ತಿದ್ದವರು. ವೇದಿಕೆಯ ಮೇಲೆ ಮೂರು ಸಿಂಹದ ಕುರ್ಚಿ. ನನ್ನ ಪೇಟ ದೊಡ್ಡದಾಗಿತ್ತು, ಹುಬ್ಬಿನ ತನಕ ಇಳಿದಿತ್ತು. ಬುಟ್ಟಿಯಲ್ಲಿ ಮೇಲೊಂದು ಅನಾನಸು, ಅದರ ಎಲೆ ಗಲ್ಲಕ್ಕೆ ಚುಚ್ಚುತ್ತಿತ್ತು.

ಮೊದಲು ನಿರ್ದೇಶಕನ ಪತ್ರ. ಅವನ ಅಪ್ಪ ಬ್ಯಾಂಕಿನಲ್ಲಿ ದೊಡ್ಡ ಕೆಲಸದವರು, ಬ್ರಹ್ಮಾವರದಲ್ಲಿ ಉಪ್ಪರಿಗೆ ಮನೆ. ಹಾಗಾಗಿ ಮಾಷ್ಟ್ರಿಗೆ ಬಡತನ ಹಾಕಲು ಆಗಿರಲಿಲ್ಲ, "ಗ್ರಾಮೀಣ ಪರಿಸರದ ಸೌಲಭ್ಯಗಳ ಕೊರತೆಯ ನಡುವೆಯೂ" ಎಂದು ಹಾಕಿದ್ದರು. ಎರಡನೆಯದು ಕ್ಯಾಮೆರಾದವನದ್ದು. ಅವನದ್ದರಲ್ಲಿ ಬಡತನ ಪೂರ್ತಿ ಇತ್ತು. ಅವನ ತಾಯಿ ಕೆಳಗೆ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡು, ನಗುತ್ತಾ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ನನಗೆ ಆಗ ಅನುಮಾನ ಬಂತು. ಕಾರ್ಯಕ್ರಮ ನಿರೂಪಣೆ ಮಾಡುತ್ತಿದ್ದ ಹುಡುಗ ನನ್ನ ಕುರ್ಚಿಯ ಪಕ್ಕ ನಿಂತಿದ್ದ. "ನಂದ್ರಂಗ್ ಎಂತ ಬರದ್ರ್?" ಎಂದು ಮೆಲ್ಲ ಕೇಳಿದೆ.

"ಲಾಯ್ಕ್ ಬರದಿದ್ರ್ ಅಣ್ಣ. ಕಣ್ಣಂಗ್ ನೀರ್ ಬತ್ತ್."

ಮಾಷ್ಟ್ರು ಕನ್ನಡಕ ಸರಿ ಮಾಡಿಕೊಂಡು ಓದತೊಡಗಿದರು. "ಕಿತ್ತು ತಿನ್ನುವ ಬಡತನದ ಬೇಗೆಯಲ್ಲಿ ಬೆಂದು, ವಿದ್ಯೆಯ ಹಂಬಲ ಎದೆ ತುಂಬ ಇದ್ದರೂ ಮನೆಯ ದಯನೀಯ ಪರಿಸ್ಥಿತಿಯಿಂದಾಗಿ ಶಾಲೆಯನ್ನು ತೊರೆಯಬೇಕಾಗಿ ಬಂದು, ಎಳೆಯ ಹೆಗಲಿನ ಮೇಲೆ ಸಂಸಾರದ ನೊಗ ಹೊತ್ತ ತಾವು..."

ನಾನು ಅಮ್ಮನ ಮುಖ ನೋಡಿದೆ. ಪುಸ್ತಕದ ಕನ್ನಡ ಅವರಿಗೆ ಬೇಗ ಹತ್ತುತ್ತಿರಲಿಲ್ಲ. ಮಗನನ್ನು ಹೊಗಳುತ್ತಿದ್ದಾರೆ ಎಂದು ತಲೆಯಾಡಿಸುತ್ತಿದ್ದರು. ಅಷ್ಟರಲ್ಲಿ ಪಕ್ಕದ ಹೆಂಗಸಿನ ಕಡೆ ವಾಲಿ ಕೇಳಿದರು. ಮನೆ ಮನೆಯ ಎದುರು ಮೀನು ಕೂಗಿದ ಗಂಟಲು ಅದು, ಮೆಲ್ಲ ಮಾತಾಡಿದರೂ ವೇದಿಕೆಗೆ ಕೇಳುತ್ತದೆ.

"ಎಂತ ಅಂಬ್ರ್?"

"ನಿಮ್ಮನ್ಯಂಗ್ ಗತಿ ಇಲ್ದೆ, ನಿಮ್ಮ್ ಮಗ ಶಾಲಿ ಬಿಟ್ಟ್ ದುಡಿಯುಕ್ ಹೋದ ಅಂಬ್ರ್."

ಅಮ್ಮ ಎದ್ದು ನಿಂತರು. ಗಂಟುನೋವಿನವರು, ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದರು.

"ಹ್ವಾಯ್ ಮಾಷ್ಟ್ರೆ, ಒಂಚೂರ್ ನಿಲ್ಸಿ."

ನಿರೂಪಣೆಯ ಹುಡುಗ ಚುರುಕು. ಕೂಡಲೆ ಮೈಕಿಗೆ ಬಾಯಿ ಕೊಟ್ಟು, "ಆ ಮಹಾತಾಯಿಗೆ ಸಂತೋಷ ತಡೆಯಲು ಆಗುತ್ತಿಲ್ಲ, ದಯವಿಟ್ಟು ಜೋರಾದ ಕರತಾಡನ" ಎಂದ. ಸಭೆ ಚಪ್ಪಾಳೆ ತಟ್ಟಿತು. ಅಮ್ಮ ಅದು ಮುಗಿಯುವ ತನಕ ಸೊಂಟದ ಮೇಲೆ ಕೈ ಇಟ್ಟು ನಿಂತೇ ಇದ್ದರು.

"ಆಯ್ತಾ ತಟ್ಟಿ? ಈಗ ಹೇಳಿ ಮಾಷ್ಟ್ರೆ. ಇವ್ನ್ ಶಾಲಿ ಬಿಡ್ಸದ್ದ್ ನಾನ್ ಅಂದೇಳಿ ನಿಮ್ಗ್ ಯಾರ್ ಹೇಳದ್ರ್?"

"ಹಾಂಗಲ್ಲ ಅಮ್ಮ. ಬಡತನ ಅಂದ್ರೆ ಅವಮಾನ ಅಲ್ಲ..."

"ಇದ್ದವ್ರಿಗ್ ಅವಮಾನ ಅಲ್ಲ. ಇಲ್ದಿದ್ದವ್ರ್ ಮನಿಗ್ ನೀವ್ ತಂದ್ ಹಾಕುದ್ ಎಂತಕ್ಕೆ?"

ಸಭೆಯಲ್ಲಿ ಒಬ್ಬರಿಬ್ಬರು ನಕ್ಕರು. ಅಮ್ಮ ತಿರುಗಿ ನೋಡಿದರು. ನಗು ನಿಂತಿತು.

"ಮನಿ ಮನಿ ತಿರ್ಗದ್ದ್ ಹೌದ್. ಬೇಡುಕಲ್ಲ, ಮೀನ್ ಮಾರುಕೆ. ವಂಡ್ಸೆಯವ್ರ್ ಇಲ್ಲೇ ಕೂಕಂಡಿದ್ರ್, ಕೇಣಿ. ಇವ್ನ್ ಹೊಡ್ದ್ ಎಳ್ಕಂಡ್ ಹೋಯಿ ಶಾಲಿ ಎದ್ರ್ ಬಾಗ್ಲಂಗ್ ಬಿಟ್ರೆ ಹಿಂದಿನ್ ಬಾಗ್ಲಂಗ್ ಓಡದ. ನಾ ಹೇಳದ್ದ್ ಸುಳ್ಳಾರೆ ಅವ್ನತ್ರ ಕೇಣಿ. ಅಲ್ಲೇ ಕೂಕಂಡಿದ್ದ ಕಾಣಿ, ಮುಂಡಾಸ್ ಕಟ್ಕಂಡ್."

ಎಲ್ಲರ ಕಣ್ಣು ನನ್ನ ಮೇಲೆ ಬಿತ್ತು. ಏಳಬೇಕು ಎಂದುಕೊಂಡೆ, ತೊಡೆಯ ಮೇಲೆ ಬುಟ್ಟಿ. ಮಾಷ್ಟ್ರು ಪಾಪ, ಕೈಯಲ್ಲಿ ಪತ್ರದ ಫ್ರೇಮು ಹಿಡಿದುಕೊಂಡೇ ಮೈಕನ್ನು ನನ್ನ ಬಾಯಿಯ ಹತ್ತಿರ ತಂದರು. ಅನಾನಸಿನ ಎಲೆಯನ್ನು ಒಂದು ಕೈಯಿಂದ ಒತ್ತಿ ಹಿಡಿದು ಹೇಳಿದೆ.

"ಅಮ್ಮ ಹೇಳದ್ದ್ ಸಮ. ಅವ್ರ್ ಕಳ್ಸಿದ್ರ್, ನಾ ಹೋಯ್ಲಿಲ್ಲ. ಮನ್ಯಂಗ್ ಎಂತದೂ ಕಮ್ಮಿ ಇರ್ಲಿಲ್ಲ."

ಹಿಂದಿನಿಂದ ಒಂದು ಗಂಡು ಧ್ವನಿ, "ಮತ್ತೆ ಇಷ್ಟ್ ವರ್ಷ ಎಂತಕ್ ಹೇಳ್ಲಿಲ್ಲ ಮಾರಾಯಾ?" ಎಂದು ಕೂಗಿತು.

"ನನ್ನತ್ರ ಯಾರ್ ಕೇಂಡಿದ್ರ್?" ಎಂದೆ.

ಈಗ ಇಡೀ ಸಭೆ ನಕ್ಕಿತು. ಅದು ಅಭಿನಯ ಎಂದುಕೊಂಡವರೂ ಇರಬಹುದು. ಅಮ್ಮ ನಗಲಿಲ್ಲ. ಕೇರಿಯ ಹೆಂಗಸರು ಕೂತ ಕಡೆಗೆ ಒಂದು ಸಲ ನೋಡಿ, ಸೆರಗು ಸರಿ ಮಾಡಿಕೊಂಡು ಕೂತರು. ಅವರಲ್ಲಿ ಒಬ್ಬಳು ತಲೆ ತಗ್ಗಿಸಿಕೊಂಡು, ಹೆಂಗಸರ ಸಾಲಿಗೆ ಹಂಚಲು ಬಂದಿದ್ದ ಕುಂಕುಮದ ತಟ್ಟೆಯ ಸಕ್ಕರೆ ಹೆಕ್ಕುತ್ತಿದ್ದಳು. ಹಿಂದೆ ಮದುವೆಯ ಪಂಕ್ತಿಯಲ್ಲಿ ಹೇಳಿದವಳು ಅವಳೋ ಬೇರೆಯವಳೋ ನನಗೆ ಗೊತ್ತಿಲ್ಲ. ಅಮ್ಮ ಯಾವತ್ತೂ ಹೆಸರು ಹೇಳಿದವರಲ್ಲ.

ಮಾಷ್ಟ್ರು ಪತ್ರದ ಉಳಿದ ಭಾಗ ಓದಲಿಲ್ಲ. "ಇದನ್ನ ಇವತ್ ಕೊಡುದಿಲ್ಲ. ತಪ್ಪ್ ಬರ್ದದ್ದ್ ನಾನ್, ಸರಿ ಮಾಡಿ ನಾನೇ ತಂದ್ ಕೊಡ್ತೆ" ಎಂದು ಫ್ರೇಮನ್ನು ಕಂಕುಳಲ್ಲಿ ಇಟ್ಟುಕೊಂಡರು. ಎಲ್ಲರ ಎದುರು ಅಷ್ಟು ಹೇಳುವುದು ಸುಲಭವಲ್ಲ. ಆದರೆ ಫೋಟೋಗೆ ಫ್ರೇಮು ಬೇಕಲ್ಲ. ಗಣ್ಯರು ನನ್ನ ಸುತ್ತ ನಿಂತು ಕಾಯುತ್ತಿದ್ದರು. ಯಾರೋ ಕ್ಯಾಮೆರಾದವನ ಫ್ರೇಮನ್ನು ಎತ್ತಿ ನನ್ನ ಕೈಗೆ ಕೊಟ್ಟರು. ಮರುದಿನದ ಪೇಪರಿನಲ್ಲಿ ನಾನು ಅವನ ಬಡತನವನ್ನು ಎದೆಗೆ ಹಿಡಿದು ನಿಂತಿದ್ದೆ.

ಮಾಷ್ಟ್ರು ಮಾತಿಗೆ ತಪ್ಪಲಿಲ್ಲ. ಮುಂದಿನ ವಾರ ಬೆಳಗ್ಗೆಯೇ ಬಂದರು. ಈ ಸಲ ನನ್ನನ್ನು ಕೇಳಲಿಲ್ಲ, ಜಗಲಿಯಲ್ಲಿ ಅಮ್ಮನ ಎದುರು ಕೂತು ಪೆನ್ನು ತೆಗೆದರು. ಅಮ್ಮ ಚಾ ಕೊಟ್ಟು, ಬೆನ್ನನ್ನು ಗೋಡೆಗೆ ಕೊಟ್ಟು ಕೂತರು.

"ಬರೀರಿ. ಇವ ಹೇಳದ್ದ್ ಕೇಂಬವನಲ್ಲ."

ಮಾಷ್ಟ್ರು ಸ್ವಲ್ಪ ಯೋಚಿಸಿ, ಬರೆದು, ಓದಿದರು. "ಬಾಲ್ಯದಿಂದಲೇ ಸ್ವತಂತ್ರ ಮನೋಭಾವವನ್ನು ಮೈಗೂಡಿಸಿಕೊಂಡ ತಾವು."

"ನಾ ಹೇಳದ್ದೇ ಅಲ್ದಾ ಅದ್?"

"ಅದೇ ಅಮ್ಮ."

"ಅಡ್ಡಿಲ್ಲ. ಮುಂದೆ ಬರೀರಿ. ಶಾಲಿಗ್ ಕಳ್ಸಿರೂ ಓಡಿ ಹೋದ."

ಇಲ್ಲಿ ಮಾಷ್ಟ್ರ ಪೆನ್ನು ನಿಂತಿತು. ಸನ್ಮಾನ ಪತ್ರದಲ್ಲಿ ಯಾರೂ ಓಡಿಹೋಗುವುದಿಲ್ಲ ಎಂದರು. ಅವರು ಅಷ್ಟು ವರ್ಷ ಬರೆದ ಪತ್ರಗಳಲ್ಲಿ ಅಂಥ ಒಂದು ಸಾಲು ಇರಲಿಲ್ಲವಂತೆ. "ಶಾಲೆಗಿಂತ ಬದುಕಿನ ಪಾಠವನ್ನೇ ಆಯ್ದುಕೊಂಡ ತಾವು" ಎಂದು ಹಾಕುವ ಎಂದರು.

"ಆಯ್ದ್ಕಂಡದ್ದ್ ಎಂತದ್? ಮೀನಾ ಆಯ್ದ್ಕಂಬುಕೆ? ಓಡದ್ದ್ ಮಾಷ್ಟ್ರೆ, ಓಡದ್ದ್. ಕಳ್ಸದ್ದ್ ನಾನ್. ಅದೆರಡೂ ಬರೀಕ್."

ನಾನು ಗಾಡಿ ತೊಳೆಯುತ್ತಿದ್ದೆ. ಮಾಷ್ಟ್ರು ನನ್ನ ಕಡೆ ನೋಡಿದರು, ನಿನಗೆ ಅಡ್ಡಿಯಿಲ್ಲವೇ ಎನ್ನುವ ಹಾಗೆ. "ಅವ್ರ್ ಹೇಳಿದಾಂಗೇ ಬರೀರಿ" ಎಂದೆ. ನಾನು ಓಡಿದ್ದು ಸುಳ್ಳಲ್ಲ. ಓಡಿಹೋಗಿ ಏನು ಮಾಡಿದೆ ಎಂಬುದು ಜಗಲಿಯ ಎದುರೇ ನಿಂತಿತ್ತು, ಟಯರಿನಿಂದ ನೀರು ಇಳಿಯುತ್ತಾ.

ಈಗ ಆ ಫ್ರೇಮು ನಮ್ಮ ಜಗಲಿಯ ಗೋಡೆಯಲ್ಲಿದೆ. ಅಮ್ಮ ಅದನ್ನು ಎತ್ತರಕ್ಕೆ ಹಾಕಲು ಬಿಡಲಿಲ್ಲ, ಕೂತವರ ಕಣ್ಣಿಗೆ ಬೀಳುವ ಹಾಗೆ ಮೊಳೆ ಹೊಡೆಸಿದರು. ಮನೆಗೆ ಯಾರು ಬಂದರೂ ನೀರು, ಬೆಲ್ಲ ಕೊಡುವ ಮೊದಲೇ ಬೆರಳು ಇಟ್ಟು ಆ ಸಾಲನ್ನು ಓದಿಸುತ್ತಾರೆ: "ತಾಯಿಯು ಶಾಲೆಗೆ ಕಳುಹಿಸಿದರೂ ಓಡಿಹೋದ ತಾವು." ಓದು ಬಾರದವರು ಬಂದರೆ ಅಮ್ಮನೇ ಬಾಯಿಪಾಠ ಹೇಳುತ್ತಾರೆ. ಅವರಿಗೂ ಓದು ಬಾರದು, ಆದರೆ ಸಾಲು ಎಲ್ಲಿದೆ ಎಂದು ಗೊತ್ತು. ಅಷ್ಟಾದ ಮೇಲೆ ಮಾತು ಬೇರೆ ಕಡೆ ಹೋಗುತ್ತದೆ. ಉತ್ತಮ ನಟ ಎಂಬುದು ಅದಕ್ಕಿಂತ ಕೆಳಗೆ ಇದೆ. ಅಲ್ಲಿಯ ತನಕ ಓದಿದವರು ಕಡಿಮೆ.